ಹೊಗೆಯ ಜಾಡು ಹಿಡಿದು ಐಲಾ ದ್ವೀಪಕ್ಕೆ

ಸೋಮವಾರ: ಗ್ಲಾಸ್ಗೋ ಬಿಟ್ಟು ಕ್ಯಾಂಬೆಲ್‌ಟೌನ್ ಕಡೆಗೆ

ಹೊಗೆ ಇಲ್ಲದ ವಿಸ್ಕಿ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಹೊಗೆ ಅಂದರೆ, ಮೊಳಕೆ ಬಾರ್ಲಿ ಒಣಗಿಸುವಾಗ ಪೀಟ್ ಎಂಬ ಜೌಗುನೆಲದ ಮಣ್ಣು ಸುಟ್ಟು ಹಿಡಿಸುವ ವಾಸನೆ. ಹಾಗಂತ ಬರೀ ಹೊಗೆ ಇದ್ದರೂ ಸಾಲದು. ಹೊಗೆಯ ಹಿಂದೆ ಬಾರ್ಲಿಯ ಸಿಹಿ ಇರಬೇಕು. ನಾಲಿಗೆಯ ಅಂಚಿಗೆ ಒಂಚೂರು ಉಪ್ಪು ತಾಕಬೇಕು. ಶೆರ್ರಿ ಎಂಬ ಸ್ಪೇನಿನ ವೈನ್ ಇದ್ದ ಪೀಪಾಯಿಗಿಂತ ಬರ್ಬನ್ ಎಂಬ ಅಮೆರಿಕದ ವಿಸ್ಕಿ ಇದ್ದ ಪೀಪಾಯಿಯಲ್ಲಿ ಬಲಿತ ವಿಸ್ಕಿ ನನಗೆ ಹೆಚ್ಚು ಇಷ್ಟ. ಆಲ್ಕೋಹಾಲ್ 46 ಪರ್ಸೆಂಟ್ ಅಥವಾ ಅದಕ್ಕಿಂತ ಮೇಲಿದ್ದರೆ ಒಳ್ಳೆಯದು, ಬಣ್ಣಕ್ಕೆ ಕ್ಯಾರಮೆಲ್ ಬೆರೆಸಿರಬಾರದು. ವಿಸ್ಕಿ ಬಲ್ಲವರ ಮುಂದೆ ಇಷ್ಟು ಹೇಳಿದರೆ ಸಾಕು, 'ನೀವು ಐಲಾಗೆ ಹೋಗಬೇಕು' ಅನ್ನುತ್ತಾರೆ. ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿರುವ ಆ ದ್ವೀಪಕ್ಕೆ ಹೋಗುವ ಆಸೆ ಮೇ ತಿಂಗಳ ಆರಂಭದಲ್ಲಿ ಕೈಗೂಡಿತು. ದೋಣಿ ಹಿಡಿಯುವ ಮೊದಲು ಕ್ಯಾಂಬೆಲ್‌ಟೌನ್ ಎಂಬ ಹಳೆಯ ವಿಸ್ಕಿ ಊರನ್ನೂ ನೋಡುವುದಿತ್ತು.

ಜೊತೆಗೆ ಬಂದವನು ಭಾವಮೈದ. ಸಾಗರದ ಕಡೆಯ ಹುಡುಗ, ಈಗ ಗ್ಲಾಸ್ಗೋದಲ್ಲಿ ಕೆಲಸ. ಅವನು ಕುಡಿಯುವುದಿಲ್ಲ, ಆದರೆ ಕಾರು ಓಡಿಸುವುದೆಂದರೆ ಪ್ರಾಣ. ಈ ಪ್ರವಾಸಕ್ಕೆ ಇಂಥವರೊಬ್ಬರು ಬೇಕೇ ಬೇಕು. ಇಂಗ್ಲೆಂಡಿನಲ್ಲಿ ಗಾಡಿ ಓಡಿಸುವವರ 100 ಮಿಲಿ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್ ತನಕ ಬಿಡುತ್ತಾರೆ. ಸ್ಕಾಟ್ಲೆಂಡಿನಲ್ಲಿ 2014ರ ಕೊನೆಯಿಂದ ಅದನ್ನು 50ಕ್ಕೆ ಇಳಿಸಿದ್ದಾರೆ. ಅಂದರೆ ಒಂದು ಪೆಗ್ ಕುಡಿದವರೂ ಸ್ಟೇರಿಂಗ್ ಮುಟ್ಟದಿರುವುದೇ ಸರಿ.

ಲಾಕ್ ಲೋಮಂಡ್ ಸರೋವರದ ಪಕ್ಕದಲ್ಲೇ ರಸ್ತೆ ಸಾಗುತ್ತದೆ. ಎಡಕ್ಕೆ ತಿರುಗಿ ಗುಡ್ಡ ಹತ್ತಲು ಶುರುಮಾಡಿದಾಗ ಮಳೆ ಹಿಡಿಯಿತು. ಘಾಟಿಯ ತುದಿಗೆ 'ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್' ಎಂದೇ ಹೆಸರು, ಅಂದರೆ 'ದಣಿವಾರಿಸಿಕೋ, ಕೃತಜ್ಞನಾಗಿರು'. 1740ರ ದಶಕದಲ್ಲಿ ಈ ದಾರಿ ಕಡಿದ ಸೈನಿಕರು ಅಲ್ಲೊಂದು ಕಲ್ಲು ನೆಟ್ಟು ಆ ಮಾತು ಕೆತ್ತಿದ್ದರಂತೆ. ಮಳೆ ಜೋರಾದರೆ ಗುಡ್ಡ ಜಾರಿ ದಾರಿ ಮುಚ್ಚುವುದುಂಟು. ದೋಣಿ ಹಿಡಿಯುವ ದಿನವೇ ಈ ದಾರಿಯಲ್ಲಿ ಬರುವವರು ಹೊರಡುವ ಮೊದಲು ರಸ್ತೆಯ ಸ್ಥಿತಿ ನೋಡಿಕೊಳ್ಳಬೇಕು. ಆಚೆ ಬದಿಗೆ ಇಳಿದರೆ ಬಿಸಿಲು! ಹೀಗೆ ದಿನಕ್ಕೆ ನಾಲ್ಕಾರು ಸಲ ಹವೆ ಬದಲಾಗುತ್ತಲೇ ಇತ್ತು. ಕೊಡೆ ಇಲ್ಲಿ ಪ್ರಯೋಜನವಿಲ್ಲ, ಗಾಳಿಗೆ ಮುರಿಯುತ್ತದೆ. ಟೋಪಿ ಇರುವ ರೇನ್‌ಕೋಟೇ ಸರಿ.

ಇನ್ವೆರಾರಿ ಎಂಬ ಸುಣ್ಣ ಬಳಿದ ಗೋಡೆಗಳ ಪುಟ್ಟ ಊರಿನಲ್ಲಿ ಊಟ. ನಾನು ಕುಲೆನ್ ಸ್ಕಿಂಕ್ ಹೇಳಿದೆ. ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಹಾಲು ಹಾಕಿ ಕುದಿಸಿದ ಗಟ್ಟಿ ಸೂಪ್. ಭಾವಮೈದ ಸಸ್ಯಾಹಾರಿ. ಅವನಿಗೆ ಬೇಳೆ ಸೂಪು, ಬ್ರೆಡ್ಡು. ಇಲ್ಲಿನ ಬೇಳೆ ಸೂಪಿಗೆ ಕೆಲವು ಕಡೆ ಮಾಂಸದ ಸಾರು ಹಾಕುತ್ತಾರೆ, ಕೇಳಿಯೇ ತೆಗೆದುಕೊಳ್ಳಬೇಕು. ಅವನು ಅಮ್ಮ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಹೊರತೆಗೆದ. ಮೇಜು ಒರೆಸಲು ಬಂದ ಹುಡುಗಿ ವಾಸನೆಗೆ ನಿಂತೇಬಿಟ್ಟಳು. ಒಂದು ಹೋಳು ಕೊಟ್ಟೆವು. ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದಳು.

ಟಾರ್ಬರ್ಟ್ ದಾಟಿದ ಮೇಲೆ ರಸ್ತೆ ಕಡಲಿನ ದಂಡೆ ಹಿಡಿಯುತ್ತದೆ. ಬಲಗಡೆ ದೂರದಲ್ಲಿ ಐಲಾ, ಅದರ ಪಕ್ಕ ಜುರಾ ದ್ವೀಪದ ಬೋಳು ಬೆಟ್ಟಗಳು. ಹಳದಿ ಹೂ ತುಂಬಿದ ಗಾರ್ಸ್ ಪೊದೆ, ಹೊಸ ಕುರಿಮರಿಗಳು. ಸುಮಾರು 220 ಕಿ.ಮೀ. ದಾರಿ, ಆದರೆ ಇಡೀ ದಿನ ತೆಗೆದುಕೊಂಡೆವು. ಬೇಗ ಮುಗಿಸುವ ದಾರಿ ಅದಲ್ಲ.

ಮಂಗಳವಾರ: ಸ್ಪ್ರಿಂಗ್‌ಬ್ಯಾಂಕ್

ಕ್ಯಾಂಬೆಲ್‌ಟೌನ್ ಈಗ ಸದ್ದಿಲ್ಲದ ಬಂದರು. ಒಂದು ಕಾಲದಲ್ಲಿ ಇಲ್ಲಿ 30ಕ್ಕೂ ಹೆಚ್ಚು ಡಿಸ್ಟಿಲರಿ, ಅಂದರೆ ವಿಸ್ಕಿ ಬಟ್ಟಿ ಇಳಿಸುವ ಕಾರ್ಖಾನೆಗಳಿದ್ದವು. 1920ರ ದಶಕದಲ್ಲಿ ಒಂದರ ಹಿಂದೆ ಒಂದು ಮುಚ್ಚಿದವು. ಅಮೆರಿಕದಲ್ಲಿ ಪಾನನಿಷೇಧ ಬಂತು, ಇಲ್ಲಿನ ಕೆಲವರು ಅವಸರದಲ್ಲಿ ಕಳಪೆ ಮಾಲು ಇಳಿಸಿದರು, ಊರಿನ ಹೆಸರೇ ಕೆಟ್ಟಿತು. ಉಳಿದದ್ದು ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಶಿಯಾ. 1925ರಲ್ಲಿ ಮುಚ್ಚಿದ್ದ ಗ್ಲೆನ್‌ಗೈಲ್ 2004ರಲ್ಲಿ ಮತ್ತೆ ಶುರುವಾಯಿತು. ಅಲ್ಲಿನ ವಿಸ್ಕಿಯ ಹೆಸರು ಕಿಲ್ಕೆರನ್. ಬಂದರಿನ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಕೈ ತೋರಿಸಿ ಹೇಳಿದರು, 'ಆ ಸೂಪರ್‌ಮಾರ್ಕೆಟ್ ಇದೆಯಲ್ಲ, ಅಲ್ಲೊಂದು ಇತ್ತು. ಆ ಮನೆಗಳಿವೆಯಲ್ಲ, ಅಲ್ಲೊಂದು. ನಮ್ಮಜ್ಜ ಹೊಗೆಗೊಳವೆ ನೋಡಿ ಗಾಳಿಯ ದಿಕ್ಕು ಹೇಳುತ್ತಿದ್ದರು.'

ಸ್ಪ್ರಿಂಗ್‌ಬ್ಯಾಂಕ್ ಶುರುವಾದದ್ದು 1828ರಲ್ಲಿ. ಇವತ್ತಿಗೂ ಮಿಚೆಲ್ ಕುಟುಂಬದವರು ಕಟ್ಟಿದ ಕಂಪನಿಯ ಕೈಯಲ್ಲಿದೆ. ಒಳಗೆ ಹೋದರೆ ಕಂಪ್ಯೂಟರ್ ಪರದೆಗಳ ಬದಲು ಮಸಿ ಹಿಡಿದ ಗೋಡೆ, ಮರದ ಏಣಿ, ಸೀಮೆಸುಣ್ಣದಲ್ಲಿ ಬರೆದ ಲೆಕ್ಕ. ತಮಗೆ ಬೇಕಾದ ಬಾರ್ಲಿಯನ್ನೆಲ್ಲ ತಾವೇ ಮೊಳಕೆ ಬರಿಸುತ್ತಾರೆ. ನೆನೆದ ಬಾರ್ಲಿಯನ್ನು ಕಲ್ಲು ನೆಲದ ಮೇಲೆ ಹರವಿ, ಬಿಸಿಯೇರಿ ಬೇರು ಹೆಣೆದುಕೊಳ್ಳದಂತೆ ಆಗಾಗ ಮಗುಚಬೇಕು. ಹಗಲು ರಾತ್ರಿ ಬಿಡುವಿಲ್ಲದ ಕೆಲಸ. ಮಗುಚುತ್ತಿದ್ದ ಕೆಲಸಗಾರ ಮರದ ಸಲಿಕೆಯನ್ನು ನನ್ನ ಕೈಗೆ ಕೊಟ್ಟ. ಎರಡು ಸಾಲು ಮಗುಚುವುದರಲ್ಲಿ ಸೊಂಟ ಹಿಡಿಯಿತು. ಅವನು ದಿನವೂ ಇದನ್ನು ಮಾಡುತ್ತಾನೆ.

ನನಗೆ ಇಲ್ಲಿ ತುಂಬ ಇಷ್ಟವಾದ ಸಂಗತಿ ಏನೆಂದರೆ, ಅದೇ ಮನೆಯಲ್ಲಿ, ಅದೇ ಹಂಡೆಗಳಲ್ಲಿ ಮೂರು ಬೇರೆ ಬೇರೆ ವಿಸ್ಕಿ ಮಾಡುತ್ತಾರೆ. ಹೇಝಲ್‌ಬರ್ನ್‌ಗೆ ಹೊಗೆ ಇಲ್ಲ, ಬರೀ ಬಿಸಿಗಾಳಿಯಲ್ಲಿ ಒಣಗಿಸಿದ ಬಾರ್ಲಿ, ಮೂರು ಸಲ ಬಟ್ಟಿ ಇಳಿಸುತ್ತಾರೆ. ಲಾಂಗ್‌ರೋಗೆ 48 ತಾಸಿನ ತನಕ ಪೀಟ್ ಹೊಗೆ, ಎರಡೇ ಸಲ ಬಟ್ಟಿ. ನಡುವೆ ಸ್ಪ್ರಿಂಗ್‌ಬ್ಯಾಂಕ್. ಅದಕ್ಕೆ ಮೊದಲು ಆರು ತಾಸು ಹೊಗೆ, ಆಮೇಲೆ ಬಿಸಿಗಾಳಿ. ಒಂದು ಭಾಗ ಎರಡು ಸಲ, ಇನ್ನೊಂದು ಭಾಗ ಮೂರು ಸಲ ಬಟ್ಟಿ ಇಳಿದು ಸೇರುವುದರಿಂದ ಎರಡೂವರೆ ಸಲ ಅನ್ನುತ್ತಾರೆ.

ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಕುಡಿದೆ. ಹೇಝಲ್‌ಬರ್ನ್ ಹಗುರ, ಹಣ್ಣಿನ ವಾಸನೆ. ಸೊಗಸಾಗಿದೆ, ಆದರೆ ಎರಡನೇ ಗ್ಲಾಸಿಗೆ ಮನಸ್ಸು ಹೋಗಲಿಲ್ಲ. ಲಾಂಗ್‌ರೋದಲ್ಲಿ ಹೊಗೆ ಧಾರಾಳ. ಸ್ಪ್ರಿಂಗ್‌ಬ್ಯಾಂಕ್ 10 (ಅಂದರೆ ಹತ್ತು ವರ್ಷ ಬಲಿತದ್ದು) ಬಾಯಿಗಿಟ್ಟಾಗ ಮಾತ್ರ ಕಣ್ಣು ಮುಚ್ಚಿಕೊಂಡು ಕೂತೆ. ಮೊದಲು ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ, ನಡುವೆ ಎಣ್ಣೆಯ ಜಿಡ್ಡು, ಆಮೇಲೆ ಉಪ್ಪು, ಕೊನೆಗೆ ಗಂಟಲಲ್ಲಿ ಸಣ್ಣ ಹೊಗೆ. ನಾನು ಹೊಗೆ ಇಷ್ಟ ಅನ್ನುವಾಗ ಮನಸ್ಸಿನಲ್ಲಿರುವುದು ಈ ಅಳತೆಯ ಹೊಗೆ. ಆ ಜಿಡ್ಡು ಉಳಿಯಲು 46 ಪರ್ಸೆಂಟೂ ಒಂದು ಕಾರಣ. ಅದಕ್ಕಿಂತ ಕೆಳಗೆ ಇಳಿಸಿದರೆ ತಣ್ಣಗಾದಾಗ ವಿಸ್ಕಿ ಮಸುಕಾಗುತ್ತದೆ. ನೋಡಲು ತಿಳಿಯಾಗಿರಲಿ ಎಂದು ಅನೇಕ ಕಂಪನಿಗಳು ಅದನ್ನು ತಣ್ಣಗೆ ಮಾಡಿ ಸೋಸುತ್ತವೆ. ಸೋಸಿದಾಗ ಜಿಡ್ಡಿನ ಜೊತೆ ರುಚಿಯೂ ಒಂದಿಷ್ಟು ಹೋಗುತ್ತದೆ. ಇಲ್ಲಿ ಸೋಸುವುದಿಲ್ಲ, ಬಣ್ಣವನ್ನೂ ಹಾಕುವುದಿಲ್ಲ.

ಬಾಟಲಿ ಕೊಳ್ಳುವ ಆಸೆ ಈಡೇರಲಿಲ್ಲ. ಜಗತ್ತಿಡೀ ಇದರ ಹಿಂದೆ ಬಿದ್ದಿದೆ, ಕಪಾಟು ಖಾಲಿ. ಒಳಗಿನ ಟೂರ್ ಕೂಡ ತಿಂಗಳುಗಳ ಮೊದಲೇ ತುಂಬಿರುತ್ತದೆ. ಊರಿನ ಪಬ್ಬುಗಳಲ್ಲಿ ಮಾತ್ರ ಗ್ಲಾಸ್ ಲೆಕ್ಕದಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ಹದವಾಗಿದೆ. ನಾನೊಂದು ಕಿಲ್ಕೆರನ್ 12 ಕೊಂಡೆ. ಅದನ್ನೂ 46ರಲ್ಲೇ ಬಾಟಲಿಗೆ ತುಂಬುತ್ತಾರೆ. ಸ್ಪ್ರಿಂಗ್‌ಬ್ಯಾಂಕ್ ಸಿಗದವರಿಗೆ ನಾನು ಧೈರ್ಯವಾಗಿ ಹೇಳುವ ವಿಸ್ಕಿ ಅದು.

ಸಂಜೆ ಕೆನಕ್ರೇಗ್‌ನಿಂದ ದೋಣಿ. ದೋಣಿ ಅಂದರೆ ಕಾರು, ಲಾರಿ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಹೋಗುವ ಹಡಗು. ಬೇಸಿಗೆಯಲ್ಲಿ ಕಾರಿನ ಜಾಗ ಬೇಗ ತುಂಬುತ್ತದೆ, ಹೋಟೆಲಿಗಿಂತ ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಬೇಕು. ನಮ್ಮದು ಪೋರ್ಟ್ ಎಲೆನ್‌ಗೆ ಹೋಗಬೇಕಿತ್ತು. ಅರ್ಧ ದಾರಿಯಲ್ಲಿ ಗಾಳಿ ಜೋರಾಯಿತು, ಹಡಗು ದ್ವೀಪದ ಇನ್ನೊಂದು ತುದಿಯ ಪೋರ್ಟ್ ಆಸ್ಕೇಗ್‌ಗೆ ಹೋಗುತ್ತದೆ ಎಂದು ಹೇಳಿದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎದುರು ಕೂತಿದ್ದ ಹೆಂಗಸು ಹೆಣಿಗೆ ಹಾಕುತ್ತಲೇ, 'ದ್ವೀಪ ಒಂದೇ ಅಲ್ವಾ, ಎಲ್ಲಿ ಇಳಿದರೇನು' ಅಂದರು. ಕತ್ತಲಲ್ಲಿ ದ್ವೀಪದ ಉದ್ದಕ್ಕೂ ಕಾರು ಓಡಿಸಿಕೊಂಡು ಬಂದೆವು. ತಂಗುವ ಮನೆಯ ಯಜಮಾನಿ ಬಾಗಿಲ ದೀಪ ಹಾಕಿ ಕಾಯುತ್ತಿದ್ದರು. ಹಡಗು ತಿರುಗಿದ ಸುದ್ದಿ ನಮಗಿಂತ ಮೊದಲೇ ಅವರಿಗೆ ಗೊತ್ತಿತ್ತು!

ಬುಧವಾರ: ಮೂರು ಡಿಸ್ಟಿಲರಿಗಳ ಕಾಲುದಾರಿ

ಪೋರ್ಟ್ ಎಲೆನ್‌ನಿಂದ ಕಡಲ ಪಕ್ಕದಲ್ಲೇ ಒಂದು ಕಾಲುದಾರಿ ಇದೆ. ಮೊದಲು ಲಫ್ರೋಯ್ಗ್, ಆಮೇಲೆ ಲಗವುಲಿನ್, ಕೊನೆಗೆ ಆರ್ಡ್‌ಬೆಗ್. ಎಲ್ಲ ಸೇರಿ ಐದಾರು ಕಿ.ಮೀ. ಅಷ್ಟೇ. 1815, 1816ರ ಕಾಲದ ಈ ಮೂರೂ ಹೊಗೆಗೆ ಹೆಸರಾದವು. ಒಂದೇ ಗಾಳಿ, ಒಂದೇ ಕಡಲು, ಹತ್ತಿರ ಹತ್ತಿರದ ನೆಲ. ಆದರೂ ರುಚಿ ಒಂದಕ್ಕೊಂದು ಹೋಲುವುದಿಲ್ಲ. ಯಾಕೆ ಅನ್ನುವುದೇ ನನ್ನ ಕುತೂಹಲವಾಗಿತ್ತು.

ಲಫ್ರೋಯ್ಗ್‌ನಲ್ಲಿ ಬೇಕಾದ ಮಾಲ್ಟಿನ ಒಂದು ಪಾಲನ್ನು ಈಗಲೂ ಅಲ್ಲೇ ನೆಲದ ಮೇಲೆ ಮೊಳಕೆ ಬರಿಸುತ್ತಾರೆ. ಉಳಿದದ್ದು ಹೊರಗಿನಿಂದ ಬರುತ್ತದೆ. ಒಣಗಿಸುವ ಕೋಣೆಯ ಕೆಳಗಿನ ಒಲೆಯ ಬಾಗಿಲು ತೆರೆದರು. ಪೀಟ್ ಹೆಂಟೆಗಳು ಉರಿಯದೆ ಕನಲುತ್ತಿದ್ದವು. ದಟ್ಟ ನೀಲಿ ಹೊಗೆ. ಭಾವಮೈದ ಒಂದು ಹೆಜ್ಜೆ ಮುಂದೆ ಹೋಗಿ ಉಸಿರೆಳೆದುಕೊಂಡ. 'ಭಾವ, ಇದು ನಮ್ಮ ಅಜ್ಜನ ಮನೆ ಬಚ್ಚಲ ಒಲೆ ಹಾಗೇ ಇದೆ. ಮಳೆಗಾಲದಲ್ಲಿ ಹಸಿ ಸೌದೆ ಹಾಕಿದಾಗ ಹಂಡೆ ಕೆಳಗಿಂದ ಬರ್ತಿತ್ತಲ್ಲ, ಅದೇ.' ವಿಸ್ಕಿ ಮುಟ್ಟದ ಹುಡುಗ ಆ ಒಲೆಯ ಮುಂದಿಂದ ಕದಲಲಿಲ್ಲ.

ಇದರ ರುಚಿಯಲ್ಲಿ ಅಯೋಡಿನ್ ಇದೆ, ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ಇದೆ. ಎಷ್ಟೋ ಜನ ಮೊದಲ ಗುಟುಕಿಗೇ ಮುಖ ಕಿವುಚುತ್ತಾರೆ. ಅಮೆರಿಕದ ಪಾನನಿಷೇಧದ ಕಾಲದಲ್ಲಿ ಇದನ್ನು ಔಷಧ ಎಂದು ಮಾರುತ್ತಿದ್ದರಂತೆ. ನನಗೆ 10 ವರ್ಷದ್ದರ ಆ ಒರಟುತನ ಇಷ್ಟ, ಆದರೆ ದಿನವೂ ಬೇಡ. ಇಲ್ಲಿ ನನ್ನ ಮನಸ್ಸು ಹಿಡಿದದ್ದು ಬೆಸ್ಸಿ ವಿಲಿಯಮ್ಸನ್ ಅವರ ಕಥೆ. 1934ರಲ್ಲಿ ಬೇಸಿಗೆಯ ಮಟ್ಟಿಗೆ ಟೈಪಿಸ್ಟ್ ಆಗಿ ಬಂದವರು. ಮಾಲೀಕರು 1954ರಲ್ಲಿ ತೀರಿಕೊಂಡಾಗ ಡಿಸ್ಟಿಲರಿ ಅವರ ಕೈಗೆ ಬಂತು. ಗಂಡಸರೇ ತುಂಬಿದ್ದ ಆ ಕಾಲದ ವ್ಯಾಪಾರದಲ್ಲಿ 1972ರ ತನಕ ಅದನ್ನು ನಡೆಸಿದರು.

ಅಲ್ಲಿಂದ ಹೊರಟಾಗ ಮಳೆ ಅಡ್ಡಡ್ಡವಾಗಿ ಬಡಿಯತೊಡಗಿತು. ಲಗವುಲಿನ್ ತಲುಪುವ ಹೊತ್ತಿಗೆ ಬೂಟಿನೊಳಗೆ ನೀರು. ಅಲ್ಲಿನ ಹೆಣ್ಣುಮಗಳೊಬ್ಬಳು ಹಳೆಯ ಪತ್ರಿಕೆ ತಂದುಕೊಟ್ಟು, ಉಂಡೆ ಮಾಡಿ ಬೂಟಿಗೆ ತುರುಕಿ ಅಂದಳು. ಬರಿ ಕಾಲಲ್ಲಿ, ಒಲೆಯ ಮುಂದೆ ಕೂತು ಲಗವುಲಿನ್ 16 ಕುಡಿದೆ. ಕಿಟಕಿಯಾಚೆ ಡನಿವೇಗ್ ಕೋಟೆಯ ಮುರುಕು ಗೋಡೆ, ಅದರಾಚೆ ಕಡಲು. ಈ ವಿಸ್ಕಿಯ ಗುಟ್ಟು ನಿಧಾನ. ತಾಮ್ರದ ಹಂಡೆಗಳಲ್ಲಿ ಎರಡನೇ ಸಲ ಬಟ್ಟಿ ಇಳಿಸಲು ಒಂಬತ್ತು ತಾಸಿಗೂ ಹೆಚ್ಚು ಹೊತ್ತು ಬಿಡುತ್ತಾರೆ. ಹೊಗೆ ಇದೆ, ಆದರೆ ಅದರ ಮೊನೆ ಮಡಿಚಿದೆ. ಬಾಯಿ ತುಂಬ ಸಿಹಿ, ಆಮೇಲೆ ಎಷ್ಟೋ ಹೊತ್ತು ಹೊಗೆ. 43 ಪರ್ಸೆಂಟಿಗೆ ಇಳಿಸಿರುವುದು ಮಾತ್ರ ನನಗೆ ಕೊರತೆ. ಮೂರು ಪರ್ಸೆಂಟ್ ಮೇಲಿಟ್ಟಿದ್ದರೆ ಇನ್ನೆಷ್ಟು ಚೆನ್ನ!

ಆರ್ಡ್‌ಬೆಗ್ 1981ರಲ್ಲಿ ಮುಚ್ಚಿ, 1989ರಲ್ಲಿ ತೆರೆದು, 1996ರಲ್ಲಿ ಮತ್ತೆ ಮುಚ್ಚಿ, 1997ರಲ್ಲಿ ಗ್ಲೆನ್‌ಮೋರಂಜಿ ಕಂಪನಿ ಕೊಂಡ ಮೇಲೆ ಎದ್ದು ನಿಂತ ಡಿಸ್ಟಿಲರಿ. ಹಳೆಯ ಒಣಗಿಸುವ ಮನೆಯೇ ಈಗ ಕೆಫೆ. ಮಾಲ್ಟಿನ ಹೊಗೆಯ ಲೆಕ್ಕ ನೋಡಿದರೆ ಮೂರರಲ್ಲಿ ಇದೇ ಜಾಸ್ತಿ, ಸುಮಾರು 55 ಪಿಪಿಎಂ (ಹತ್ತು ಲಕ್ಷ ಪಾಲು ಮಾಲ್ಟಿನಲ್ಲಿ ಹೊಗೆಯ ರಾಸಾಯನಿಕ ಎಷ್ಟು ಪಾಲು ಎಂಬ ಅಳತೆ). ಆದರೆ ಕುಡಿದರೆ ನಿಂಬೆಯ ಹುಳಿ, ವೆನಿಲ್ಲಾದ ಸಿಹಿ ಮುಂದೆ ಬರುತ್ತವೆ. ಹಂಡೆಯ ಕತ್ತಿಗೆ ಅಂಟಿಸಿರುವ ಪ್ಯೂರಿಫೈಯರ್ ಎಂಬ ತಾಮ್ರದ ಕೊಳವೆ ಭಾರದ ಹಬೆಯನ್ನು ತಣಿಸಿ ಮತ್ತೆ ಹಂಡೆಗೇ ಇಳಿಸುತ್ತದೆ. ಹಗುರವಾದದ್ದಷ್ಟೇ ದಾಟುತ್ತದೆ. ಹೊಗೆಯ ಅಂಕಿ ಮಾಲ್ಟಿನದು, ಗ್ಲಾಸಿನದಲ್ಲ. ಬಟ್ಟಿ ಇಳಿಸುವಾಗ ಅದರಲ್ಲಿ ಬಹಳಷ್ಟು ಕಳೆದುಹೋಗುತ್ತದೆ, ಉಳಿಯುವುದು ಹಂಡೆಯ ಆಕಾರದ ಮೇಲೆ, ಇಳಿಯುವ ವಿಸ್ಕಿಯನ್ನು ಎಲ್ಲಿಂದ ಹಿಡಿಯಲು ಶುರುಮಾಡಿ ಎಲ್ಲಿ ನಿಲ್ಲಿಸುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಹಾಗಾಗಿ ಪಿಪಿಎಂ ನೋಡಿ ಬಾಟಲಿ ಆರಿಸುವವರಿಗೆ ನಾನು ಬೇಡ ಅನ್ನುತ್ತೇನೆ. ಬರ್ಬನ್ ಪೀಪಾಯಿ, 46 ಪರ್ಸೆಂಟ್, ಬಣ್ಣವಿಲ್ಲ, ಸೋಸಿಲ್ಲ. ಆರ್ಡ್‌ಬೆಗ್ 10 ನನ್ನ ಮನೆಯಲ್ಲಿ ಯಾವಾಗಲೂ ಇರುವ ಬಾಟಲಿ.

ಪ್ರತಿ ಕಡೆಯೂ ಕಾರು ಓಡಿಸುವವರಿಗೆ ಅಂತ ಅವರ ಪಾಲನ್ನು ಪುಟ್ಟ ಶೀಶೆಗೆ ಹಾಕಿಕೊಡುತ್ತಾರೆ. ನಾಚಿಕೊಳ್ಳದೆ ಕೇಳಿ ಪಡೆಯಬೇಕು. ಭಾವಮೈದನ ಜೇಬು ದಿನವೂ ಇವುಗಳಿಂದ ತುಂಬುತ್ತಿತ್ತು, ಸಂಜೆ ಅವು ನನಗೆ ಸೇರುತ್ತಿದ್ದವು.

ಮಳೆ ನಿಂತ ಮೇಲೆ ಅವನು ಕಾರು ತಂದ. ಆರ್ಡ್‌ಬೆಗ್ ದಾಟಿ ಇನ್ನೂ ಮುಂದೆ ಹೋದರೆ ಕಿಲ್ಡಾಲ್ಟನ್ ಶಿಲುಬೆ. ಎಂಟನೇ ಶತಮಾನದ್ದು, ಒಂದೇ ಕಲ್ಲಿನಲ್ಲಿ ಕಡೆದದ್ದು. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಈ ಗಾಳಿ ಮಳೆಯಲ್ಲಿ ನಿಂತೂ ಕೆತ್ತನೆ ಉಳಿದಿದೆ. ರಸ್ತೆ ಪಕ್ಕ ಒಂದು ಡಬ್ಬಿಯಲ್ಲಿ ಮನೆಯಲ್ಲಿ ಮಾಡಿದ ಕೇಕ್, ಪಕ್ಕದಲ್ಲಿ ದುಡ್ಡು ಹಾಕುವ ಪೆಟ್ಟಿಗೆ. ಕಾಯಲು ಯಾರೂ ಇಲ್ಲ. ಚಿಲ್ಲರೆ ಇಟ್ಟುಕೊಂಡು ಹೋಗಿ.

ಗುರುವಾರ: ಪೀಟ್ ನೆಲ, ಬೋಮೋರ್, ಪಶ್ಚಿಮದ ಕಡಲು

ಬೋಮೋರ್‌ಗೆ ಹೋಗುವ ಒಳದಾರಿಯಲ್ಲಿ ಕಾರಿನ ಚಕ್ರ ಒಂದು ಗುಂಡಿಗೆ ಬಿದ್ದು ಪಂಚರ್ ಆಯಿತು. ಸುತ್ತ ಎತ್ತ ನೋಡಿದರೂ ಕಂದು ಬಣ್ಣದ ಪೀಟ್ ನೆಲ, ಒಂದು ಮರವಿಲ್ಲ. ಇಲ್ಲಿನ ರಸ್ತೆಗಳು ಹೆಚ್ಚಾಗಿ ಒಂದೇ ಗಾಡಿಯಷ್ಟು ಅಗಲ. ಎದುರಿನ ಗಾಡಿಗೆ ಜಾಗ ಬಿಡಲು ಅಲ್ಲಲ್ಲಿ ಬದಿ ಇದೆ. ದಾಟುವಾಗ ಪ್ರತಿಯೊಬ್ಬರೂ ಕೈ ಎತ್ತುತ್ತಾರೆ, ಗುರುತಿರಲಿ ಬಿಡಲಿ. ಎರಡನೇ ದಿನದ ಹೊತ್ತಿಗೆ ನಮ್ಮ ಕೈಯೂ ತಾನಾಗಿ ಏಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಟ್ರ್ಯಾಕ್ಟರಿನ ರೈತರೊಬ್ಬರು ನಿಂತರು, ಸ್ಪ್ಯಾನರ್ ತೆಗೆದು ತಾವೇ ಕೂತರು.

ಚಕ್ರ ಬದಲಾಯಿಸುತ್ತ ಪೀಟ್ ಬಗ್ಗೆ ಮಾತು ಬಂತು. ಸಾವಿರಾರು ವರ್ಷ ನೀರಿನಲ್ಲಿ ಪೂರ್ತಿ ಕೊಳೆಯದೆ ಉಳಿದ ಪಾಚಿ, ಹುಲ್ಲು, ಹೀದರ್ ಗಿಡ ಒತ್ತಿ ಒತ್ತಿ ಈ ನೆಲವಾಗಿದೆ. ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಬೆಳೆದರೆ ಹೆಚ್ಚು. ಮೇ ತಿಂಗಳಲ್ಲಿ ಉದ್ದ ಬಾಯಿಯ ಸಲಿಕೆಯಿಂದ ಇಟ್ಟಿಗೆಯ ಹಾಗೆ ಕತ್ತರಿಸಿ, ಬಿಸಿಲು ಗಾಳಿಗೆ ಒಣಗಲು ಬಿಡುತ್ತಾರೆ. ತಮ್ಮ ಮನೆಯ ಒಲೆಗೂ ಚಿಕ್ಕಂದಿನಲ್ಲಿ ಇದೇ ಎಂದು ಅವರು ಹೇಳಿದರು. 'ಈಗ ಎಲ್ಲರಿಗೂ ಬೇರೆ ಹೀಟರ್ ಇದೆ. ನನ್ನ ಅಂಗಿಯ ವಾಸನೆ ಮಾತ್ರ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ.' ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ಈ ನೆಲ ಅಗೆದಷ್ಟು ಬೇಗ ತುಂಬುವುದಿಲ್ಲ, ಒಳಗೆ ಹಿಡಿದಿಟ್ಟ ಇಂಗಾಲವೂ ಹೊರಬೀಳುತ್ತದೆ. ನನ್ನ ಇಷ್ಟದ ರುಚಿಗೆ ಈ ಬೆಲೆ ಇದೆ ಎನ್ನುವುದನ್ನು ಅಲ್ಲಿ ನಿಂತು ನೋಡಿದ ಮೇಲೆ ಮರೆಯಲಾಗುವುದಿಲ್ಲ. ಕಡಿಮೆ ಪೀಟ್ ಸುಟ್ಟು ಹೆಚ್ಚು ಹೊಗೆ ಹಿಡಿಸುವ ದಾರಿ ಕಂಡುಕೊಳ್ಳುವವರಿಗೆ ನನ್ನ ಬೆಂಬಲ ಪೂರ್ತಿ.

ಬೋಮೋರ್ ಐಲಾದ ಅತ್ಯಂತ ಹಳೆಯ ಡಿಸ್ಟಿಲರಿ, 1779ರದ್ದು. ಅದರ ಒಂದನೇ ನಂಬರಿನ ಗೋದಾಮಿನ ಗೋಡೆಗೆ ಕಡಲಿನ ಅಲೆ ಬಡಿಯುತ್ತದೆ. ಒಳಗೆ ತಂಪು, ತೇವ, ಮರದ ವಾಸನೆ. ಡಿಸ್ಟಿಲರಿಯಲ್ಲಿ ಮಿಕ್ಕ ಬಿಸಿಯಿಂದ ಊರಿನ ಈಜುಕೊಳದ ನೀರು ಕಾಯುತ್ತದೆ. ಆ ಕೊಳವೂ ಹಿಂದೆ ವಿಸ್ಕಿ ಗೋದಾಮೇ. ಭಾವಮೈದ ಹೋಗಿ ಈಜಿಕೊಂಡು ಬಂದ. ಬೀದಿಯ ತುದಿಯಲ್ಲಿ 1767ರ ದುಂಡು ಚರ್ಚು. ದೆವ್ವ ಅವಿತುಕೊಳ್ಳಲು ಮೂಲೆಯೇ ಇರಬಾರದು ಅಂತ ದುಂಡಗೆ ಕಟ್ಟಿದರು ಎಂದು ಊರವರು ಹೇಳುತ್ತಾರೆ. ಬೋಮೋರ್‌ನ ಹೊಗೆ ಮಧ್ಯಮ. ಹೊಗೆಯ ವಿಸ್ಕಿಗೆ ಹೊಸಬರಾದವರು ಇಲ್ಲಿಂದ ಶುರುಮಾಡಿದರೆ ಒಳ್ಳೆಯದು.

ಲಾಕ್ ಇಂಡಾಲ್ ಕೊಲ್ಲಿಯ ಆಚೆ ದಂಡೆಯಲ್ಲಿ ಬ್ರುಕ್‌ಲಾಡಿ. 1881ರದ್ದು, ಮುಚ್ಚಿದ್ದನ್ನು 2001ರಲ್ಲಿ ತೆರೆದರು. ಅಲ್ಲಿ ಹೊಗೆ ಇಲ್ಲದ್ದೂ ಇದೆ, ಜಗತ್ತಿನಲ್ಲೇ ಅತಿ ಹೆಚ್ಚು ಹೊಗೆಯ ಮಾಲ್ಟಿನ ಆಕ್ಟೋಮೋರ್ ಕೂಡ ಇದೆ. ಅದರ ಒಂದು ಬಾಟಲಿಯ ಮಾಲ್ಟಿಗೆ 309 ಪಿಪಿಎಂ ತನಕ ಹೋಗಿದ್ದರು. ಅಂಕಿ ನೋಡಿ ಹೆದರಿದವರು ಕುಡಿದಾಗ ಆಶ್ಚರ್ಯಪಡುತ್ತಾರೆ. ಉದ್ದ ಕತ್ತಿನ ಹಂಡೆ ಆ ಹೊಗೆಯನ್ನು ಪಳಗಿಸುತ್ತದೆ. ನನಗೆ ಅದಕ್ಕಿಂತ ಅವರದೇ ಪೋರ್ಟ್ ಷಾರ್ಲೆಟ್ ಎಂಬ ಹೊಗೆಯ ವಿಸ್ಕಿ ಹಿಡಿಸಿತು.

ಕೊನೆಗೆ ಕಿಲ್‌ಹೋಮನ್. 2005ರಲ್ಲಿ ಒಂದು ಹೊಲದ ನಡುವೆ ಶುರುವಾಯಿತು. ಐಲಾದಲ್ಲಿ 124 ವರ್ಷಗಳ ನಂತರ ಕಟ್ಟಿದ ಮೊದಲ ಹೊಸ ಡಿಸ್ಟಿಲರಿ. '100% ಐಲಾ' ಎಂಬ ಅವರ ಬಾಟಲಿಗೆ ಬಾರ್ಲಿ ಬಿತ್ತುವುದು, ಮೊಳಕೆ ಬರಿಸುವುದು, ಬಟ್ಟಿ, ಪೀಪಾಯಿ, ಬಾಟಲಿ ತುಂಬುವುದು ಎಲ್ಲ ಅಲ್ಲೇ. ವಯಸ್ಸು ಚಿಕ್ಕದು. ಆದರೆ ಬಾರ್ಲಿಯ ಸಿಹಿ ಎಷ್ಟು ಸ್ಪಷ್ಟ! 18, 21 ವರ್ಷ ಎಂದು ಬರೆದ ಬಾಟಲಿಗೆ ದುಡ್ಡು ಸುರಿಯುವವರು ಇದನ್ನೊಮ್ಮೆ ಕುಡಿಯಬೇಕು. ಹೊಗೆಯ ವಿಸ್ಕಿ ಎಳೆಯದಿದ್ದಾಗಲೇ ಚುರುಕು. ಪೀಪಾಯಿಯಲ್ಲಿ ವರ್ಷ ಕಳೆದಂತೆ ಹೊಗೆ ಮಂಕಾಗುತ್ತ ಹೋಗುತ್ತದೆ.

ಮಾಕಿರ್ ಬೇ ಮರಳ ದಂಡೆ ಅಲ್ಲಿಗೆ ಹತ್ತಿರ. ಸೆಳೆತ ಜೋರು, ಈಜಬಾರದು. ರಾತ್ರಿ ಒಂಬತ್ತಾದರೂ ಬೆಳಕಿತ್ತು. ಹುಲ್ಲಿನೊಳಗಿಂದ ಕಾರ್ನ್‌ಕ್ರೇಕ್ ಹಕ್ಕಿ ಕ್ರೆಕ್ ಕ್ರೆಕ್ ಅಂತ ಕೂಗುತ್ತಲೇ ಇತ್ತು. ಕಾಣಿಸಿಕೊಳ್ಳಲಿಲ್ಲ.

ಶುಕ್ರವಾರ: ಉತ್ತರದ ದಂಡೆ

ಬೆಳಗ್ಗೆ ಉಪ್ಪು ಹಾಕಿದ ಓಟ್ಸ್ ಗಂಜಿ. ಮನೆಯೊಡತಿ ಅದರ ಮೇಲೆ ಒಂದು ಚಮಚ ವಿಸ್ಕಿ ಹಾಕಿಕೊಟ್ಟರು. ಬಿಸಿಗೆ ಹೊಗೆ ಮೂಗಿಗೆ ಹತ್ತಿತು, ತುಂಬ ಚೆನ್ನಾಗಿತ್ತು. ಭಾವಮೈದನ ಗಂಜಿಗೆ ಜೇನು.

ಕಲ್ ಈಲ ಡಿಸ್ಟಿಲರಿಯ ಗಾಜಿನ ಗೋಡೆಯ ಹಿಂದೆ ಹಂಡೆಗಳು, ಎದುರಿಗೆ ಜಲಸಂಧಿ, ಅದರಾಚೆ ಜುರಾ. ದ್ವೀಪದಲ್ಲಿ ಇದೇ ದೊಡ್ಡದು, ಇಲ್ಲಿಳಿದದ್ದರಲ್ಲಿ ಹೆಚ್ಚಿನ ಪಾಲು ಜಾನಿ ವಾಕರ್‌ನಂಥ ಬ್ಲೆಂಡುಗಳಿಗೆ, ಅಂದರೆ ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿ ಮಾಡುವ ಬಾಟಲಿಗಳಿಗೆ ಹೋಗುತ್ತದೆ. ಊರಿನಲ್ಲಿ ಬ್ಲ್ಯಾಕ್ ಲೇಬಲ್ ಕುಡಿಯುವವರಿಗೆ ಕೊನೆಗೆ ಸಿಗುವ ಸಣ್ಣ ಹೊಗೆಯಲ್ಲಿ ಇದರ ಪಾಲಿದೆ. ಬುನ್ನಹಾವೆನ್‌ಗೆ ಹೋಗುವ ರಸ್ತೆ ಕಿರಿದು, ಸೊಟ್ಟ. ಅಲ್ಲಿ ಹೆಚ್ಚಾಗಿ ಹೊಗೆಯಿಲ್ಲದ, ಶೆರ್ರಿ ಪೀಪಾಯಿಯ ವಿಸ್ಕಿ. ಒಣಹಣ್ಣು, ಚಾಕೊಲೇಟಿನ ಸಿಹಿ. ನನ್ನ ಹೆಂಡತಿಗೆ ಇಷ್ಟವಾಗುವ ರುಚಿ ಇದು. ಅವಳಿಗೆ ಒಂದು ಚಿಕ್ಕ ಬಾಟಲಿ ಕೊಂಡೆ.

ಅಲ್ಲೊಬ್ಬರು ಜರ್ಮನ್ ಮಹಿಳೆ ಸಿಕ್ಕರು. ನೀರು ಹಾಕುತ್ತೀರಾ ಎಂದು ಕೇಳಿದರು. ಹಾಕುತ್ತೇನೆ, ಆದರೆ ಹನಿ ಲೆಕ್ಕದಲ್ಲಿ. ಐಸ್ ಹಾಕಿದರೆ ನಾಲಿಗೆ ಮರಗಟ್ಟಿ ಜಿಡ್ಡು ಸಿಹಿ ಯಾವುದೂ ತಿಳಿಯುವುದಿಲ್ಲ. ಮೊದಲು ಹಾಗೇ ಒಂದು ಗುಟುಕು, ಆಮೇಲೆ ನಾಲ್ಕು ಹನಿ, ಬೇಕಾದರೆ ಇನ್ನು ನಾಲ್ಕು. ಅವರು ಪ್ರತಿ ವರ್ಷ ಮೇ ಕೊನೆಯ ವಿಸ್ಕಿ ಹಬ್ಬ ಫೇಶ್ ಈಲಕ್ಕೆ ಬರುತ್ತಾರಂತೆ. ಆಗ ಬರುವುದಾದರೆ ಒಂದು ವರ್ಷ ಮೊದಲೇ ಕೋಣೆ ಹಿಡಿಯಬೇಕು. ನನ್ನ ಹಾಗೆ ಕೆಲಸಗಾರರ ಜೊತೆ ನಿಂತು ಮಾತಾಡಬೇಕು ಅನ್ನುವವರಿಗೆ ಮೇ ಆರಂಭವೇ ಮೇಲು.

ಶನಿವಾರ: ಮತ್ತೆ ಗ್ಲಾಸ್ಗೋ

ಕಡಲು ಶಾಂತವಾಗಿತ್ತು, ಹಡಗು ಹೇಳಿದ ಹೊತ್ತಿಗೆ ಹೊರಟಿತು. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್. ಬೆಂಗಳೂರಿನಲ್ಲೇ ಸಿಗುವ ಲಗವುಲಿನ್, ಆರ್ಡ್‌ಬೆಗ್‌ಗಳಿಗೆ ಆ ಜಾಗ ಕೊಡಬಾರದು. ಕಿಲ್ಕೆರನ್ 12 ಮತ್ತು ಕಿಲ್‌ಹೋಮನ್ 100% ಐಲಾ, ಜೊತೆಗೆ ಹೆಂಡತಿಯ ಚಿಕ್ಕ ಬಾಟಲಿ, ಮಿಕ್ಕದ್ದಕ್ಕೆ ಭಾವಮೈದನ ಶೀಶೆಗಳು.

ರಾತ್ರಿ ಗ್ಲಾಸ್ಗೋದ ಒಂದು ಪಬ್ಬಿನಲ್ಲಿ ಕೂತೆವು. ಸೂರಿನ ತನಕ ಬಾಟಲಿಗಳು, ಅವುಗಳ ನಡುವೆ ಅಮೃತ್ ಫ್ಯೂಷನ್. ನಮ್ಮ ಮೈಸೂರು ರಸ್ತೆಯ ಕಂಬೀಪುರದಲ್ಲಿ ಇಳಿಸಿದ್ದು. ಅಮೃತ್ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯಲ್ಲಿ ಬರೀ ಮಾಲ್ಟಿನಿಂದ ಇಳಿಸಿದ ವಿಸ್ಕಿ) ಮೊದಲು ಹೊರತಂದದ್ದು ಇದೇ ಗ್ಲಾಸ್ಗೋದಲ್ಲಿ, 2004ರಲ್ಲಿ. ಸ್ಕಾಟ್ಲೆಂಡಿನವರ ಮುಂದೆ ಅವರದೇ ಊರಿನಲ್ಲಿ ಇಡುವುದಕ್ಕೆ ಎಂಥ ಎದೆ ಬೇಕು! ಫ್ಯೂಷನ್‌ನಲ್ಲಿ ಭಾರತದ ಬಾರ್ಲಿಯ ಜೊತೆ ಪೀಟ್ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿ ಇದೆ. 50 ಪರ್ಸೆಂಟ್. ಬಾಟಲಿಯ ಮೇಲೆ ವಯಸ್ಸಿನ ಅಂಕಿ ಇಲ್ಲ.

ಬಾರ್ ನೋಡಿಕೊಳ್ಳುವವನಿಗೆ ನಾವು ಬೆಂಗಳೂರಿನವರೆಂದು ತಿಳಿದು ಕುರ್ಚಿ ಎಳೆದುಕೊಂಡ. ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಎಷ್ಟು ಆವಿಯಾಗಿ ಹೋಗುತ್ತದೆ ಎಂದು ಕೇಳಿದ. ಇಲ್ಲಿ ನೂರಕ್ಕೆ ಎರಡು ಪಾಲು ಹೋದರೆ ಅಲ್ಲಿ ಹತ್ತು ಹನ್ನೆರಡು ಪಾಲು ಹೋಗುತ್ತದೆ ಅಂದೆ. ಸಮುದ್ರಕ್ಕಿಂತ 3000 ಅಡಿ ಎತ್ತರ, ವರ್ಷದ ಹೆಚ್ಚು ಕಾಲ ಬಿಸಿಲು. ಮರದ ರುಚಿ ಬೇಗ ಇಳಿಯುತ್ತದೆ, ನಾಲ್ಕೈದು ವರ್ಷಕ್ಕೇ ವಿಸ್ಕಿ ಬಲಿಯುತ್ತದೆ. ಇಲ್ಲಿನ ಹಾಗೆ 16 ವರ್ಷ ಬಿಟ್ಟರೆ ಪೀಪಾಯಿಯಲ್ಲಿ ಉಳಿಯುವುದೇ ಕಷ್ಟ.

ಐಲಾದ ವಿಸ್ಕಿಗಳ ಮೇಲೆ ಫ್ಯೂಷನ್ ಹೇಗಿರುತ್ತದೋ ಎಂಬ ಅನುಮಾನ ಇತ್ತು. ನಾಲ್ಕು ಹನಿ ನೀರು ಹಾಕಿದೆ. ಬಾರ್ಲಿಯ ಸಿಹಿ ಮುಂದೆ, ಹೊಗೆ ಅದರ ಬೆನ್ನಿಗೆ, ಅದೂ ಅಳತೆ ಮೀರದೆ. ಉಪ್ಪು ಮಾತ್ರ ಇಲ್ಲ, ಇರಬೇಕಾಗಿಯೂ ಇಲ್ಲ. ನನ್ನ ಪಟ್ಟಿಯಲ್ಲಿ ಸ್ಪ್ರಿಂಗ್‌ಬ್ಯಾಂಕ್ 10, ಆರ್ಡ್‌ಬೆಗ್ 10 ಎರಡರ ಪಕ್ಕದಲ್ಲೇ ಅದಕ್ಕೆ ಜಾಗ. ಬಾರಿನವನೂ ತನಗೊಂದು ಸುರಿದುಕೊಂಡ, ಭಾವಮೈದ ಮೂಗಿನ ಬಳಿ ಗ್ಲಾಸ್ ಹಿಡಿದು ಈ ಸಲ ಏನೂ ಹೇಳದೆ ನನಗೇ ವಾಪಸ್ ಕೊಟ್ಟ. ಮರುದಿನ ಮಧ್ಯಾಹ್ನ ವಿಮಾನ.